ಗಿಟಾರು ಬಿಟ್ಟ ಮಗ, ಗಿಟಾರು ಹಿಡಿದ ಮಗಳು

ಓಂ ಪುರಿ ಎರಡೇ ವರ್ಷಗಳ ಅಂತರದಲ್ಲಿ ಇಬ್ಬರು ಪಾಕಿಸ್ತಾನಿ ತಂದೆಯರಾಗಿ ಬ್ರಿಟಿಷ್ ತೆರೆಯ ಮೇಲೆ ಬಂದರು. 1997ರ ‘ಮೈ ಸನ್ ದಿ ಫೆನಾಟಿಕ್’ ಚಿತ್ರದಲ್ಲಿ ಅವರು ಬ್ರಾಡ್‌ಫರ್ಡಿನ ಟ್ಯಾಕ್ಸಿ ಚಾಲಕ ಪರ್ವೇಝ್. ವಿಸ್ಕಿ ಕುಡಿಯುತ್ತಾನೆ, ಜಾಝ್ ಕೇಳುತ್ತಾನೆ, ವೇಶ್ಯೆಯೊಬ್ಬಳ ಸ್ನೇಹದಲ್ಲಿ ಮನಸ್ಸಿನ ಭಾರ ಇಳಿಸಿಕೊಳ್ಳುತ್ತಾನೆ. ಅತ್ತ ಅವನ ಮಗ ಗಡ್ಡ ಬಿಟ್ಟು ನಮಾಝಿಗೆ ತೊಡಗಿದ್ದಾನೆ. 1999ರ ‘ಈಸ್ಟ್ ಈಸ್ ಈಸ್ಟ್’ನಲ್ಲಿ ಅದೇ ಓಂ ಪುರಿ ಸಾಲ್ಫರ್ಡಿನಲ್ಲಿ ಮೀನು ಮತ್ತು ಚಿಪ್ಸ್ ಅಂಗಡಿ ಇಟ್ಟುಕೊಂಡ ಜಾರ್ಜ್ ಖಾನ್. ಇಂಗ್ಲಿಷ್ ಹೆಂಡತಿ, ಏಳು ಮಕ್ಕಳು. ಮಕ್ಕಳು ತನ್ನ ಊರಿನ ಮುಸ್ಲಿಮರಾಗಿಯೇ ಬೆಳೆಯಬೇಕೆಂಬುದು ಅವನ ಹಠ. ಮಕ್ಕಳೋ ಅಪ್ಪನ ಕಣ್ಣು ತಪ್ಪಿಸಿ ಹಂದಿಮಾಂಸದ ಸಾಸೇಜು ಹುರಿದು ತಿನ್ನುವವರು. ಒಬ್ಬ ತಂದೆಗೆ ಮಗ ಅತಿಯಾಗಿ ಮುಸ್ಲಿಮನಾದ ಸಂಕಟ, ಇನ್ನೊಬ್ಬನಿಗೆ ಮಕ್ಕಳು ಮುಸ್ಲಿಮರೇ ಆಗಲಿಲ್ಲವೆಂಬ ಸಿಟ್ಟು. ಮುಖ ಒಂದೇ, ಕಳಚಿಹೋದ ಕೊಂಡಿಯೂ ಒಂದೇ.

ಬ್ರಿಟನ್ನಿನ ವಲಸಿಗ ಮುಸ್ಲಿಂ ಕುಟುಂಬಗಳ ಯುವಕರನ್ನು ಕುರಿತು ನಂತರ ಬಂದ ಕಥೆ, ಕಾದಂಬರಿ, ಸಿನಿಮಾಗಳಲ್ಲಿ ಹೆಚ್ಚಿನವು ಈ ಎರಡು ಅಚ್ಚುಗಳಲ್ಲೇ ಎರಕಗೊಂಡವು ಎಂದು ನಮಗೆ ಅನ್ನಿಸುತ್ತದೆ. ಒಂದರಲ್ಲಿ ಮಗ ಮನೆಯಿಂದ ಮಸೀದಿಯ ಕಡೆಗೆ ಓಡುತ್ತಾನೆ, ಇನ್ನೊಂದರಲ್ಲಿ ಮಸೀದಿಯಿಂದ ಪಬ್ಬಿನ ಕಡೆಗೆ. ಓಡದೆ ಅಲ್ಲೇ ನಿಂತು ಬದುಕುವವರ ಕಥೆ ಬರುವುದಕ್ಕೆ ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ಈ ನಡುವಿನ ದಾರಿಯನ್ನು ಕೆಲವು ಕೃತಿಗಳ ಮೂಲಕ ನೋಡುವುದು ಈ ಬರಹದ ಉದ್ದೇಶ. ‘ಮುಖ್ಯವಾಹಿನಿಗೆ ಬನ್ನಿ’ ಎಂಬ ಉಪದೇಶವನ್ನು ಕನ್ನಡದಲ್ಲೇ ಕೇಳಿ ಬೆಳೆದ ನಮಗೆ ಇದು ಕೇವಲ ದೂರದ ದೇಶದ ಸುದ್ದಿಯಾಗಿ ಕಾಣುವುದಿಲ್ಲ. ಆದರೂ ಅಲ್ಲಿಯ ಕಥೆಯನ್ನು ಮೊದಲು ಅಲ್ಲಿಯದಾಗಿಯೇ ಅರ್ಥಮಾಡಿಕೊಳ್ಳಬೇಕು.

ಪರ್ವೇಝ್‌ನಂಥವರು ಬ್ರಾಡ್‌ಫರ್ಡಿಗೆ ಹೇಗೆ ಬಂದರು? ಎರಡನೇ ಮಹಾಯುದ್ಧದ ನಂತರ ಯಾರ್ಕ್‌ಶೈರ್ ಮತ್ತು ಲ್ಯಾಂಕಶೈರ್ ಪ್ರದೇಶದ ಬಟ್ಟೆ ಗಿರಣಿಗಳಿಗೆ ಕೈಗಳು ಬೇಕಿದ್ದವು. ಅದರಲ್ಲೂ ರಾತ್ರಿ ಪಾಳಿಗೆ ಬಿಳಿಯ ಕಾರ್ಮಿಕರು ಸಿಗುತ್ತಿರಲಿಲ್ಲ. 1948ರ ಕಾನೂನಿನಂತೆ ಕಾಮನ್‌ವೆಲ್ತ್ ದೇಶಗಳ ಜನ ಬಂದು ನೆಲೆಸಲು ಅಡ್ಡಿಯೂ ಇರಲಿಲ್ಲ. ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದಿಂದ ಬ್ರಿಟಿಷ್ ಹಡಗುಗಳ ಬಾಯ್ಲರುಗಳಿಗೆ ಕಲ್ಲಿದ್ದಲು ತುಂಬಲು ಹೋದವರು ಮೊದಲೇ ಇದ್ದರು. ಅರುವತ್ತರ ದಶಕದಲ್ಲಿ ಮಂಗ್ಲಾ ಅಣೆಕಟ್ಟು ಎದ್ದು ಅದೇ ಸೀಮೆಯ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮನೆಮಠ ಕಳೆದುಕೊಂಡಾಗ, ಮುಳುಗಿದ ಹಳ್ಳಿಗಳ ಗಂಡಸರು ನೆಂಟರ ವಿಳಾಸ ಹಿಡಿದು ಇಂಗ್ಲೆಂಡಿಗೆ ನಡೆದರು. ನಾಲ್ಕು ಕಾಸು ಕೂಡಿಸಿ ಊರಿಗೆ ಮರಳುವುದು ಅವರ ಲೆಕ್ಕ. ಆದರೆ 1962ರಲ್ಲಿ ವಲಸೆಗೆ ಕಡಿವಾಣ ಹಾಕುವ ಕಾನೂನು ಬಂತು. ಒಮ್ಮೆ ಹೊರಟರೆ ಮತ್ತೆ ಬರಲಾದೀತೇ ಎಂಬ ಭಯದಲ್ಲಿ ಗಂಡಸರು ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ವಲಸಿಗರನ್ನು ತಡೆಯಲೆಂದು ಮಾಡಿದ ಕಾನೂನೇ ಅವರನ್ನು ಅಲ್ಲಿ ನೆಲೆಯೂರಿಸಿತು! ಮುಂದೆ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪಂದಿರು ಟ್ಯಾಕ್ಸಿಗೆ, ಸಣ್ಣ ಅಂಗಡಿಗೆ ಇಳಿದರು. ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಅಪ್ಪ ಯಾವ ಕೆಲಸಕ್ಕೆಂದು ಸಮುದ್ರ ದಾಟಿದ್ದನೋ ಆ ಕೆಲಸವೇ ಊರಿನಲ್ಲಿ ಉಳಿದಿರಲಿಲ್ಲ. ಅಲ್ಲಿಯ ಯುವಕರ ಅಸ್ಮಿತೆಯ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಮುಚ್ಚಿದ ಗಿರಣಿಗಳ ಬಗ್ಗೆ ಒಂದು ಸಾಲಾದರೂ ಬರೆದರೆ ಚೆನ್ನಾಗಿತ್ತು.

ಹನೀಫ್ ಕುರೇಶಿ 1994ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಣ್ಣಕತೆಯೇ ‘ಮೈ ಸನ್ ದಿ ಫೆನಾಟಿಕ್’. ಮೂರು ವರ್ಷಗಳ ನಂತರ ಅವರದೇ ಚಿತ್ರಕಥೆಯನ್ನು ಉದಯನ್ ಪ್ರಸಾದ್ ಸಿನಿಮಾ ಮಾಡಿದರು. ಕತೆ ಬರೆದ ಕಾಲವನ್ನು ಗಮನಿಸಬೇಕು. 1989ರ ಜನವರಿಯಲ್ಲಿ ಬ್ರಾಡ್‌ಫರ್ಡಿನ ಬೀದಿಯಲ್ಲಿ ಸಲ್ಮಾನ್ ರುಶ್ದಿಯವರ ಕಾದಂಬರಿಯನ್ನು ಸುಟ್ಟ ಚಿತ್ರ ಜಗತ್ತನ್ನೆಲ್ಲ ಸುತ್ತಿತ್ತು. ಅದಕ್ಕೂ ಮೊದಲು ‘ಏಷ್ಯನ್ನರು’, ‘ಪಾಕಿಸ್ತಾನಿಗಳು’ ಎನಿಸಿಕೊಂಡಿದ್ದವರು ಆಮೇಲೆ ‘ಮುಸ್ಲಿಮರು’ ಆದರು. ಪಾಕಿಸ್ತಾನಿ ಮೂಲದ ತಂದೆಗೂ ಇಂಗ್ಲಿಷ್ ತಾಯಿಗೂ ಹುಟ್ಟಿದ ಕುರೇಶಿ ಆ ದಿನಗಳಲ್ಲಿ ಲಂಡನ್ನಿನ ಮಸೀದಿಗಳಿಗೆ ಹೋಗಿ ಯುವಕರ ಮಾತು ಕೇಳಿದ್ದಾಗಿ ಬರೆದುಕೊಂಡಿದ್ದಾರೆ. ಕತೆ ಹುಟ್ಟಿದ್ದು ಆ ಗೊಂದಲದಿಂದ.

ಕತೆಯ ಆರಂಭ ಸೊಗಸಾಗಿದೆ. ಮಗ ತನ್ನ ಕೋಣೆಯ ವಸ್ತುಗಳನ್ನು ಒಂದೊಂದಾಗಿ ಎಸೆಯುತ್ತಿದ್ದಾನೆ, ಮಾರುತ್ತಿದ್ದಾನೆ. ಮಾದಕ ವಸ್ತುವಿಗೆ ಹಣ ಬೇಕಾಗಿರಬಹುದೆಂದು ಪರ್ವೇಝ್‌ಗೆ ಅನುಮಾನ. ಸಿನಿಮಾದಲ್ಲಿ ಗಿಟಾರೂ ಮನೆ ಬಿಟ್ಟು ಹೋಗುತ್ತದೆ. ಪೊಲೀಸ್ ಅಧಿಕಾರಿಯ ಮಗಳೊಂದಿಗೆ ನಿಶ್ಚಯವಾಗಿದ್ದ ಮದುವೆಯೂ ಮುರಿಯುತ್ತದೆ. ಮಗನ ಕಣ್ಣನ್ನೂ ತೋಳನ್ನೂ ಪರೀಕ್ಷಿಸಿ ನೋಡುವ ಅಪ್ಪನಿಗೆ ಕೊನೆಗೆ ತಿಳಿಯುವುದು, ಮಗ ದಿನಕ್ಕೆ ಐದು ಹೊತ್ತು ನಮಾಝ್ ಮಾಡುತ್ತಿದ್ದಾನೆ ಎಂದು. ಅಫೀಮಿನ ಲಕ್ಷಣ ಹುಡುಕುವ ಅಪ್ಪನಿಗೆ ಭಕ್ತಿ ಸಿಕ್ಕಿತು. ಈ ತಮಾಷೆಯಲ್ಲಿ ಕುರೇಶಿಯವರ ಕುಹಕವೂ ಇದೆ, ಒಂದು ನಿಜವೂ ಇದೆ. ತಾನು ಯಾವುದನ್ನು ಊರಲ್ಲೇ ಬಿಟ್ಟು ಬಂದೆನೆಂದು ಅಪ್ಪ ಅಂದುಕೊಂಡಿದ್ದನೋ ಅದು ಮಗನ ಕೋಣೆಯಲ್ಲಿ ಹೊಸದಾಗಿ ಹುಟ್ಟಿಕೊಂಡಿದೆ. ಮಗನ ದೀನ್ ಅಪ್ಪನಿಂದ ಬಂದ ಆಸ್ತಿಯಲ್ಲ, ಅದು ಇಂಗ್ಲೆಂಡಿನಲ್ಲೇ ತಯಾರಾದದ್ದು.

ಆದರೆ ಈ ನಿಜವನ್ನು ಕಂಡ ಲೇಖಕ ಅದನ್ನು ಬೆನ್ನಟ್ಟಿ ಹೋಗಲಿಲ್ಲ. ನಮ್ಮ ಮುಖ್ಯ ತಕರಾರು ಇದೇ. ಪರ್ವೇಝ್‌ಗೆ ಕುರೇಶಿ ಏನೆಲ್ಲ ಕೊಟ್ಟಿದ್ದಾರೆ ನೋಡಿ: ಸಂಗೀತ, ಪ್ರೇಮ, ಅವಮಾನ ನುಂಗುವ ಗಂಟಲು, ನಗು, ಏಕಾಂತ. ಮಗ ಫರೀದ್‌ಗೆ ಕೊಟ್ಟಿರುವುದು ಘೋಷಣೆಗಳನ್ನು ಮಾತ್ರ. ಅವನು ಬಾಯಿ ತೆರೆದರೆ ಕರಪತ್ರ ಓದಿದಂತೆ ಕೇಳಿಸುತ್ತದೆ. ರಾತ್ರಿ ಅವನಿಗೆ ನಿದ್ದೆ ಬರುತ್ತದೆಯೇ, ಬಿಟ್ಟುಬಂದ ಹುಡುಗಿಯ ನೆನಪಾಗುತ್ತದೆಯೇ, ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗಿದಾಗ ಅವನಿಗೆ ಏನನ್ನಿಸುತ್ತದೆ? ಕ್ಯಾಮೆರಾ ಬಾಗಿಲ ಹೊರಗೆ ಅಪ್ಪನ ಜೊತೆಗೇ ನಿಂತುಬಿಡುತ್ತದೆ. ಇದು ಅಪ್ಪನ ಕಥೆಯಾದ್ದರಿಂದ ಹಾಗೆ ಎಂದು ಯಾರಾದರೂ ಸಮರ್ಥಿಸಬಹುದು. ಒಪ್ಪೋಣ. ಆದರೆ ಅಂಥ ಅಪ್ಪಂದಿರ ಕಣ್ಣಿನಿಂದ ಮಾತ್ರ ಇಡೀ ಒಂದು ಪೀಳಿಗೆಯನ್ನು ನೋಡುವುದು ಸಾಹಿತ್ಯದ ಅಭ್ಯಾಸವೇ ಆಗಿಹೋದರೆ? ಅದೇ ಆಯಿತು. 2005ರ ಜುಲೈ 7ರಂದು ಲಂಡನ್ನಿನಲ್ಲಿ ನಾಲ್ವರು ಆತ್ಮಾಹುತಿ ಬಾಂಬುಗಳಿಂದ 52 ಜನರನ್ನು ಕೊಂದರು. ಅವರಲ್ಲಿ ಮೂವರು ಬ್ರಿಟನ್ನಿನಲ್ಲೇ ಹುಟ್ಟಿದ ಪಾಕಿಸ್ತಾನಿ ಮೂಲದ ಯುವಕರಾಗಿದ್ದರು. ಗಿಟಾರು ಬಿಟ್ಟ ಹುಡುಗನ ಕತೆಯನ್ನು ಆಮೇಲೆ ಭವಿಷ್ಯವಾಣಿಯೆಂಬಂತೆ ಓದಲಾಯಿತು. ಆ ಹೊತ್ತಿಗೆ ಗಡ್ಡಕ್ಕೂ ಬಾಂಬಿಗೂ ನಡುವೆ ಇರುವ ದೂರವನ್ನು ಅಳೆಯುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ.

ಹಾಗೆಂದು ಕುರೇಶಿಯವರನ್ನು ‘ಸಮುದಾಯದ್ರೋಹಿ’ ಎಂದು ಬದಿಗೆ ಸರಿಸುವ ನಮ್ಮವರ ಸುಲಭದ ತೀರ್ಪನ್ನೂ ನಾವು ಒಪ್ಪುವುದಿಲ್ಲ. ಸಿನಿಮಾದಲ್ಲಿ ಲಾಹೋರಿನಿಂದ ಒಬ್ಬ ಮೌಲವಿ ಬಂದು ಪರ್ವೇಝ್‌ನ ಮನೆಯಲ್ಲಿ ಬಿಡಾರ ಹೂಡುತ್ತಾನೆ. ಪಶ್ಚಿಮವನ್ನು ದಿನವಿಡೀ ಖಂಡಿಸುವ ಆತ ಟಿವಿಯಲ್ಲಿ ಕಾರ್ಟೂನ್ ನೋಡಿ ಆನಂದಿಸುತ್ತಾನೆ. ಸಂದರ್ಭ ನೋಡಿ, ತಾನು ಇಲ್ಲೇ ನೆಲೆಸಲು ದಾರಿಯೇನಾದರೂ ಇದೆಯೇ ಎಂದು ಪರ್ವೇಝ್‌ನ ಕಿವಿಯಲ್ಲಿ ಕೇಳುತ್ತಾನೆ. ಇಂಥವರನ್ನು ಕಾಣದ ಊರು ಯಾವುದಿದೆ? ನಗುವುದಕ್ಕೆ ನಮಗೆ ಹಿಂಜರಿಕೆ ಬೇಕಿಲ್ಲ. ಕತೆಯ ಕೊನೆಯಲ್ಲಿ ಪರ್ವೇಝ್ ಮಗನನ್ನು ಹೊಡೆಯುತ್ತಾನೆ, ಆಗ ಮಗ ಕೇಳುವ ಒಂದೇ ಪ್ರಶ್ನೆ ‘ಮತಾಂಧ ಯಾರು’ ಎಂಬ ತೀರ್ಮಾನವನ್ನು ತಿರುಗಿಸಿ ಅಪ್ಪನ ಮುಖಕ್ಕೇ ಹಿಡಿಯುತ್ತದೆ. ಕತೆ ಕೊಟ್ಟ ಶೀರ್ಷಿಕೆಯನ್ನು ಕತೆಯೇ ಅನುಮಾನಿಸುವ ಕ್ಷಣ ಅದು. ಅಲ್ಲಿ ಕುರೇಶಿ ದೊಡ್ಡ ಲೇಖಕರು.

‘ಈಸ್ಟ್ ಈಸ್ ಈಸ್ಟ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಯೂಬ್ ಖಾನ್-ದಿನ್ ತಮ್ಮದೇ ಬಾಲ್ಯದ ನೆನಪುಗಳಿಂದ ಕಟ್ಟಿದ ನಾಟಕ ಅದು. 1971ರ ಇಸವಿ, ಗೋಡೆಯ ಆಚೆ ವಲಸಿಗರನ್ನು ಹೊರಹಾಕಿ ಎನ್ನುವ ಈನಾಕ್ ಪೊವೆಲ್‌ನ ರಾಜಕೀಯ, ರೇಡಿಯೋದಲ್ಲಿ ಬಾಂಗ್ಲಾ ಯುದ್ಧದ ಸುದ್ದಿ, ಒಳಗೆ ಏಳು ಮಕ್ಕಳ ಗದ್ದಲ. ನಗಿಸುತ್ತದೆ, ಆಮೇಲೆ ಜಾರ್ಜ್ ಹೆಂಡತಿಯ ಮೇಲೆ ಕೈಮಾಡುವಾಗ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಓಂ ಪುರಿ ಇಲ್ಲದೇ ಹೋಗಿದ್ದರೆ ಜಾರ್ಜ್ ಬರೇ ರಾಕ್ಷಸನಾಗುತ್ತಿದ್ದ.

ಅಪ್ಪ-ಮಕ್ಕಳ ಈ ಜಗಳದಲ್ಲಿ ಸಿನಿಮಾಕ್ಕಿಂತ ಒಂದು ವಾಸ್ತವ ಘಟನೆ ನಮ್ಮನ್ನು ಹೆಚ್ಚು ಕಾಡುತ್ತದೆ. 2001ರ ಬೇಸಿಗೆಯಲ್ಲಿ ಓಲ್ಡ್‌ಹ್ಯಾಮ್, ಬರ್ನ್ಲಿ, ಬ್ರಾಡ್‌ಫರ್ಡ್ ನಗರಗಳಲ್ಲಿ ಗಲಭೆಗಳಾದವು. ಬ್ರಾಡ್‌ಫರ್ಡಿನಲ್ಲಿ ಪೊಲೀಸರು ಕಲ್ಲು ತೂರಿದವರ ಫೋಟೋಗಳನ್ನು ಪ್ರಕಟಿಸಿದಾಗ ಎಷ್ಟೋ ತಂದೆತಾಯಿಗಳು, ಬ್ರಿಟಿಷ್ ನ್ಯಾಯದ ಮೇಲೆ ನಂಬಿಕೆ ಇಟ್ಟು, ಮಕ್ಕಳನ್ನು ತಾವೇ ಠಾಣೆಗೆ ಒಪ್ಪಿಸಿದರು. ಕಲ್ಲೆಸೆದ ಹುಡುಗರಿಗೆ ನಾಲ್ಕು ಐದು ವರ್ಷಗಳ ಸಜೆಯಾದಾಗ ಅವರು ತತ್ತರಿಸಿಹೋದರು. ಮಗನ ಕೈಹಿಡಿದು ಠಾಣೆಯ ಮೆಟ್ಟಿಲು ಹತ್ತಿದ ಆ ತಂದೆ, ಹೊರಬರುವಾಗ ಯಾವ ಮಾತು ಆಡಿರಬಹುದು? ಗಿರಣಿಯಲ್ಲಿ ರಾತ್ರಿ ಪಾಳಿ ದುಡಿದು ಈ ದೇಶವನ್ನು ನಂಬಿದವರು ಅಪ್ಪಂದಿರು. ಇಲ್ಲೇ ಹುಟ್ಟಿದ್ದರಿಂದ ನಂಬಬೇಕಾದ ಹಂಗಿಲ್ಲದವರು ಮಕ್ಕಳು. ‘ಬೆರೆಯುವಿಕೆ’ಯ ಚರ್ಚೆಯಲ್ಲಿ ಸಾಮಾನ್ಯವಾಗಿ ತಲೆಕೆಳಗಾಗಿ ಓದಲ್ಪಡುವುದು ಇದೇ ಸಂಗತಿ. ಸಿಟ್ಟು ಬರುವುದು ಪರಕೀಯನಿಗಲ್ಲ, ಮನೆ ತನ್ನದೆಂದು ತಿಳಿದವನಿಗೆ.

ಆ ಗಲಭೆಗಳ ಬಗ್ಗೆ ಅದೇ ಡಿಸೆಂಬರಿನಲ್ಲಿ ಬಂದ ಟೆಡ್ ಕ್ಯಾಂಟಲ್ ವರದಿ, ಸಮುದಾಯಗಳು ಒಂದನ್ನೊಂದು ಮುಟ್ಟದ ‘ಸಮಾನಾಂತರ ಬದುಕು’ ಬದುಕುತ್ತಿವೆ ಎಂದಿತು. ಮಾತು ಸುಳ್ಳಲ್ಲ. ಶಾಲೆ ಬೇರೆ, ಬೀದಿ ಬೇರೆ, ಕೆಲಸದ ಪಾಳಿ ಬೇರೆ. ಆದರೆ ಮುಸ್ಲಿಮರು ನೆರೆಗೆ ಬಂದರೆಂದು ಮನೆ ಮಾರಿ ಹೋದವರು ಯಾರು? ರಾತ್ರಿ ಪಾಳಿಯನ್ನು ಅವರಿಗೇ ಮೀಸಲಿಟ್ಟವರು ಯಾರು? ನಂತರದ ವರ್ಷಗಳಲ್ಲಿ ರಾಜಕಾರಣಿಗಳ ಬಾಯಲ್ಲಿ ಈ ವರದಿಯ ಸಾರ ಮುಸ್ಲಿಮರು ಬೆರೆಯುವುದಿಲ್ಲ ಎಂಬ ಒಂದೇ ವಾಕ್ಯಕ್ಕೆ ಇಳಿಯಿತು. ಮುಸ್ಲಿಮರಿಗೆ ಬಾಡಿಗೆ ಮನೆ ಕೊಡದ ನಮ್ಮ ನಗರಗಳಲ್ಲೂ, ಅವರು ಒಂದೇ ಮೊಹಲ್ಲಾದಲ್ಲಿ ಗುಂಪುಗೂಡುತ್ತಾರೆ ಎಂಬ ದೂರನ್ನು ಅದೇ ಬಾಯಿಗಳಿಂದ ಕೇಳುತ್ತೇವಲ್ಲ!

ಕೆನೆತ್ ಗ್ಲೆನಾನ್ ನಿರ್ದೇಶಿಸಿದ 2004ರ ‘ಯಾಸ್ಮಿನ್’ ಚಿತ್ರದಲ್ಲಿ ಈ ಸಮಾನಾಂತರವನ್ನು ಒಂದೇ ದೃಶ್ಯದಲ್ಲಿ ತೋರಿಸಿದ್ದಾರೆ. ಯುವತಿ ಯಾಸ್ಮಿನ್ ಮನೆಯಿಂದ ಸಲ್ವಾರ್ ಮತ್ತು ತಲೆವಸ್ತ್ರದಲ್ಲಿ ಕಾರು ಓಡಿಸಿಕೊಂಡು ಹೊರಡುತ್ತಾಳೆ. ಬಯಲಿನ ಕಲ್ಲುಗೋಡೆಯ ಮರೆಯಲ್ಲಿ ನಿಲ್ಲಿಸಿ ಜೀನ್ಸ್ ತೊಟ್ಟುಕೊಂಡು ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಅದೇ ಗೋಡೆ, ಮತ್ತೆ ಸಲ್ವಾರ್. 2001ರ ಸೆಪ್ಟೆಂಬರ್ 11ರ ನಂತರ ಜೀನ್ಸ್ ಅವಳನ್ನು ಕಾಪಾಡುವುದಿಲ್ಲ. ಸಹೋದ್ಯೋಗಿಗಳ ಕಣ್ಣಲ್ಲಿ ಅವಳು ದಿಢೀರನೆ ಮುಸ್ಲಿಮಳಾಗುತ್ತಾಳೆ. ಊರಿನಿಂದ ಕರೆತಂದು ಕಟ್ಟಿದ, ಅವಳಿಗೆ ಬೇಡವಾದ ಗಂಡನನ್ನು ಪೊಲೀಸರು ಹಿಡಿದೊಯ್ದಾಗ ಅವಳು ಅವನ ಪರವಾಗಿ ನಿಲ್ಲುತ್ತಾಳೆ. ಕೊನೆಯ ಹೊತ್ತಿಗೆ ತಲೆಗೆ ಬಟ್ಟೆ ಹೊದೆಯುವುದು ಅವಳದೇ ಆಯ್ಕೆ. ಸಿನಿಮಾ ಅಲ್ಲಲ್ಲಿ ಪಾಠ ಹೇಳುವಂತಿದೆ, ತಮ್ಮ ನಾಸಿರ್‌ನ ಪರಿವರ್ತನೆ ಅವಸರದಲ್ಲಿ ಮುಗಿದುಹೋಗುತ್ತದೆ. ಆದರೂ ಆ ಕಲ್ಲುಗೋಡೆಯ ಮರೆಯನ್ನು ಮರೆಯಲಾಗದು. 2022ರ ಫೆಬ್ರವರಿಯಲ್ಲಿ ನಮ್ಮ ಕಾಲೇಜುಗಳ ಗೇಟಿನ ಬಳಿ ಹುಡುಗಿಯರು, ಕೆಲವೆಡೆ ಶಿಕ್ಷಕಿಯರು ಕೂಡ, ಕ್ಯಾಮೆರಾಗಳ ಎದುರು ಬುರ್ಖಾ ತೆಗೆಯಬೇಕಾಗಿ ಬಂದಾಗ ನಮಗೆ ನೆನಪಾದದ್ದು ಆ ಗೋಡೆ. ಯಾಸ್ಮಿನ್‌ಗೆ ಕನಿಷ್ಠ ಮರೆ ಇತ್ತು.

ಈ ಕೃತಿಗಳಲ್ಲಿ ಬಹುಪಾಲು ಕಾಣದೆ ಹೋದ ಒಂದು ಸಂಗತಿಯಿದೆ. ಮೊದಲ ಪೀಳಿಗೆ ತಂದ ಇಸ್ಲಾಂ ಹಳ್ಳಿಯದು. ಮೀರ್‌ಪುರದ ಖಡಿ ಶರೀಫ್‌ನಂಥ ದರ್ಗಾಗಳು, ಪೀರರ ಮೇಲಿನ ನಂಬಿಕೆ, ಬಿರಾದರಿಯೊಳಗೆ ಮದುವೆ, ಇವೆಲ್ಲ ಬೇರೆಯಾಗದಂತೆ ಹೆಣೆದುಕೊಂಡಿದ್ದವು. ಮನೆಯಲ್ಲಿ ಪಹಾಡಿ, ಮಸೀದಿಯಲ್ಲಿ ಉರ್ದು, ಕುರ್‌ಆನಿನ ಅರಬಿ, ಶಾಲೆಯ ಇಂಗ್ಲಿಷ್ ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆದ ಮಕ್ಕಳಿಗೆ ಊರಿನಿಂದ ಬಂದ ಇಮಾಮರ ಉಪನ್ಯಾಸ ಅರ್ಥವಾಗುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ದೀನ್ ಹುಡುಕಿದರು. ಪೂರ್ವ ಲಂಡನ್ನಿನ ಪಾಕಿಸ್ತಾನಿ ಯುವಜನರ ನಡುವೆ ಅಧ್ಯಯನ ಮಾಡಿ ಜೆಸ್ಸಿಕಾ ಜೇಕಬ್ಸನ್ 1998ರಲ್ಲಿ ಪ್ರಕಟಿಸಿದ ಪುಸ್ತಕ ಇದನ್ನು ಚೆನ್ನಾಗಿ ಗುರುತಿಸಿದೆ: ಈ ಯುವಕ ಯುವತಿಯರು ‘ಧರ್ಮ’ ಮತ್ತು ‘ಸಂಸ್ಕೃತಿ’ಯನ್ನು ಬೇರ್ಪಡಿಸಿ ಮಾತಾಡುತ್ತಾರೆ. ಇದರ ಫಲ ಎರಡು ಬಗೆಯದು. ಬೇರು ಕಿತ್ತ ದೀನ್ ಕೆಲವರ ಕೈಯಲ್ಲಿ ಒರಟು ಘೋಷಣೆಯಾಯಿತು, ಫರೀದ್‌ನನ್ನು ನೆನೆಸಿಕೊಳ್ಳಿ. ಆದರೆ ಅದೇ ದೀನ್ ಎಷ್ಟೋ ಹುಡುಗಿಯರ ಕೈಗೆ ಹತ್ಯಾರು ಕೊಟ್ಟಿತು. ವಧುವಿನ ಒಪ್ಪಿಗೆ ಇಲ್ಲದೆ ನಿಕಾಹ್ ಆಗದು, ಸೋದರ ಸಂಬಂಧದಲ್ಲೇ ಕೊಡಬೇಕೆಂಬುದು ದೀನ್‌ನ ವಿಧಿಯಲ್ಲ ಬಿರಾದರಿಯ ಹಠ, ವಿದ್ಯೆ ಹೆಣ್ಣಿಗೂ ಕಡ್ಡಾಯ ಎಂದು ಅಪ್ಪನ ಮುಂದೆ ಹದೀಸ್ ಹಿಡಿದು ವಾದಿಸಿದ ಮಗಳನ್ನು ಅಪ್ಪ ‘ಇಂಗ್ಲಿಷರಂತೆ ಕೆಟ್ಟೆ’ ಎಂದು ಬೈಯುವಂತಿಲ್ಲ. ತಲೆವಸ್ತ್ರ ಧರಿಸಿದ ಹುಡುಗಿ ವಿಶ್ವವಿದ್ಯಾಲಯಕ್ಕೆ ದೂರದ ಊರಿಗೆ ಹೋಗಲು ಮನೆಯವರ ಅನುಮತಿ ಪಡೆದ ಕಥೆ ಯಾವ ಬಹುಮಾನಿತ ಕಾದಂಬರಿಯ ವಸ್ತುವೂ ಆಗಲಿಲ್ಲ. ಅದರಲ್ಲಿ ಬಾಂಬೂ ಇಲ್ಲ, ಪಲಾಯನವೂ ಇಲ್ಲ.

ಕಮೀಲಾ ಶಂಸಿಯವರ ‘ಹೋಮ್ ಫೈರ್’ 2017ರಲ್ಲಿ ಬಂತು, ಮರುವರ್ಷ ಮಹಿಳಾ ಕಾದಂಬರಿಗೆ ಕೊಡುವ ವಿಮೆನ್ಸ್ ಪ್ರೈಜ್ ಪಡೆಯಿತು. ಸಾಫೊಕ್ಲಿಸ್‌ನ ‘ಆಂಟಿಗನಿ’ಯನ್ನು ಇಂದಿನ ಲಂಡನ್ನಿಗೆ ತಂದ ಕಾದಂಬರಿ ಇದು. ಲಂಡನ್ನಿನ ವೆಂಬ್ಲಿಯ ಮೂವರು ಅನಾಥರು: ಅಕ್ಕ ಇಸ್ಮಾ, ಅವಳಿಗಳಾದ ಅನೀಕಾ ಮತ್ತು ಪರ್ವೇಝ್. ಹೆಸರು ಕಾಕತಾಳೀಯವೋ ಏನೋ, ಕುರೇಶಿಯ ಅಪ್ಪನ ಹೆಸರೇ ಇಲ್ಲಿಯ ಮಗನಿಗಿದೆ. ಜಿಹಾದಿಗೆಂದು ಹೋದ ಇವರ ತಂದೆ ಗ್ವಾಂಟನಾಮೊಗೆ ಒಯ್ಯುವ ದಾರಿಯಲ್ಲಿ ಸತ್ತಿದ್ದಾನೆ. ಹತ್ತೊಂಬತ್ತರ ಹುಡುಗ ಪರ್ವೇಝ್‌ಗೆ ಶಬ್ದಗಳನ್ನು ಧ್ವನಿಮುದ್ರಿಸುವ ಹುಚ್ಚು. ತರಕಾರಿ ಅಂಗಡಿಯಲ್ಲಿ ಕೆಲಸ. ಮುಚ್ಚಲು ಹೊರಟ ಊರಿನ ಗ್ರಂಥಾಲಯವನ್ನು ಉಳಿಸಲು ಓಡಾಡಿದವನು. ಇವನನ್ನು ಐಸಿಸ್ ಪರ ಸೆಳೆಯಲು ಬಂದವನು ಒಂದು ಆಯತನ್ನೂ ಓದುವ ಅಗತ್ಯ ಬೀಳುವುದಿಲ್ಲ. ಅವನು ಮಾತಾಡುವುದು ತಂದೆಯ ಬಗ್ಗೆ. ಮನೆಯಲ್ಲಿ ಯಾರೂ ಎತ್ತದ ಹೆಸರನ್ನು ಅವನು ಎತ್ತುತ್ತಾನೆ, ನಿನ್ನ ತಂದೆ ವೀರನಾಗಿದ್ದ ಎನ್ನುತ್ತಾನೆ. ಹುಡುಗ ಕರಗಿಹೋಗುತ್ತಾನೆ. ರಕ್ಕಾಗೆ ಹೋದವನು ಕೆಲವೇ ತಿಂಗಳಲ್ಲಿ ಮರಳಿ ಬರಲು ಹಂಬಲಿಸುತ್ತಾನೆ.

ಕುರೇಶಿ ಬಾಗಿಲ ಹೊರಗೆ ನಿಂತರೆ ಶಂಸಿ ಕೋಣೆಯೊಳಗೆ ಹೋಗಿದ್ದಾರೆ. ಹುಡುಗನ ತಪ್ಪನ್ನು ಅವರು ಎಲ್ಲೂ ಚಿಕ್ಕದು ಮಾಡುವುದಿಲ್ಲ, ಆದರೆ ತಪ್ಪಿನ ಹಿಂದಿನ ಹಸಿವನ್ನು ಕಾಣಿಸುತ್ತಾರೆ. ಪರ್ವೇಝ್‌ನ ಅಧ್ಯಾಯಗಳು ನಾವು ಇತ್ತೀಚೆಗೆ ಓದಿದ ಅತ್ಯುತ್ತಮ ಪುಟಗಳಲ್ಲಿ ಸೇರುತ್ತವೆ. ಅನೀಕಾ ತಲೆಗೆ ಹಿಜಾಬ್ ಧರಿಸಿ ನಮಾಝ್ ಮಾಡುವವಳು, ಜೊತೆಗೇ ಮದುವೆಯ ಹೊರಗಿನ ಸಂಬಂಧಕ್ಕೂ ಕಾಲಿಡುವವಳು. ಇದು ನಮ್ಮ ಎಷ್ಟೋ ಓದುಗರಿಗೆ ಕಸಿವಿಸಿ ತರಬಹುದು. ಕಾದಂಬರಿಯ ಪಾತ್ರ ಫತ್ವಾ ಕೇಳಲು ಬಂದಿರುವುದಿಲ್ಲ ಎಂದಷ್ಟೇ ನಮ್ಮ ಉತ್ತರ.

ಕಾದಂಬರಿಯ ಕ್ರಿಯಾನ್ ಯಾರು? ಬ್ರಿಟನ್ನಿನ ಗೃಹಸಚಿವ ಕರಾಮತ್ ಲೋನ್, ಪಾಕಿಸ್ತಾನಿ ಮೂಲದ ಮುಸ್ಲಿಂ ಕುಟುಂಬದವನು, ಬ್ರಾಡ್‌ಫರ್ಡಿನವನು. ಮಗನ ಹೆಸರು ‘ಅಯ್ಮನ್’, ಆದರೆ ಕಾಗುಣಿತ ಮಾತ್ರ ಐರಿಷ್ ಹೆಸರಿನದು, ‘ಏಮನ್’. ತನ್ನ ಊರಿನ ಮುಸ್ಲಿಂ ವಿದ್ಯಾರ್ಥಿಗಳ ಮುಂದೆ ನಿಂತು, ಉಡುಪಿನಲ್ಲೂ ವಿಚಾರದಲ್ಲೂ ನಿಮ್ಮನ್ನು ನೀವೇ ಬೇರೆಯಾಗಿಸಿಕೊಳ್ಳಬೇಡಿ ಎಂದು ಭಾಷಣ ಮಾಡುತ್ತಾನೆ. ಪರ್ವೇಝ್ ಸತ್ತಾಗ ಅವನ ಹೆಣವನ್ನೂ ಬ್ರಿಟನ್ನಿಗೆ ತರಬಾರದೆಂದು ಕಟ್ಟಳೆ ಹಾಕುತ್ತಾನೆ. ಪೌರತ್ವವೇ ಇಲ್ಲದ ಮೇಲೆ ಮಣ್ಣೆಲ್ಲಿಯದು? ತಮ್ಮನ ಹೆಣಕ್ಕೆ ಕಾವಲು ಕೂರಲು ಅನೀಕಾ ತಾನು ಕಾಣದ ‘ತಾಯ್ನಾಡಿಗೆ’, ಕರಾಚಿಗೆ, ಹೋಗಬೇಕಾಗುತ್ತದೆ.

ಕಾದಂಬರಿ ಬಂದು ಒಂದು ವರ್ಷ ಕಳೆಯುವ ಮೊದಲೇ, 2018ರ ಏಪ್ರಿಲ್‌ನಲ್ಲಿ, ಪಾಕಿಸ್ತಾನಿ ಮೂಲದ ಬಸ್ ಚಾಲಕನ ಮಗ ಸಾಜಿದ್ ಜಾವಿದ್ ಬ್ರಿಟನ್ನಿನ ಗೃಹಸಚಿವರಾದರು. 2019ರ ಫೆಬ್ರವರಿಯಲ್ಲಿ ಅವರು ಶಮೀಮಾ ಬೇಗಂಳ ಪೌರತ್ವ ರದ್ದುಮಾಡಿದರು. ಲಂಡನ್ನಿನಲ್ಲಿ ಹುಟ್ಟಿದ ಅವಳು 2015ರಲ್ಲಿ ಸಿರಿಯಾಕ್ಕೆ ಹೋದಾಗ ಹದಿನೈದರ ಶಾಲಾ ಹುಡುಗಿ. ತಂದೆತಾಯಿಗಳ ಮೂಲದಿಂದ ಅವಳಿಗೆ ಬಾಂಗ್ಲಾದೇಶದ ಪೌರತ್ವ ಸಿಗಬಹುದೆಂಬುದು ಸರಕಾರದ ವಾದ. ಅವಳು ನಮ್ಮವಳಲ್ಲ ಎಂದು ಬಾಂಗ್ಲಾದೇಶ ಹೇಳಿತು. 2024ರ ಫೆಬ್ರವರಿಯಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯವೂ ಅವಳ ಅರ್ಜಿಯನ್ನು ತಳ್ಳಿಹಾಕಿತು. ಶಮೀಮಾ ಮಾಡಿದ್ದು ಸರಿಯೆಂದು ಯಾರೂ ಹೇಳುವುದಿಲ್ಲ. ಅಪರಾಧಿಯಾದರೆ ತನ್ನ ದೇಶದ ನ್ಯಾಯಾಲಯದಲ್ಲಿ ವಿಚಾರಣೆಯಾಗಲಿ. ಆದರೆ ಇಂಥದ್ದೇ ತಪ್ಪು ಮಾಡಿದ, ಅಜ್ಜ ಮುತ್ತಜ್ಜಂದಿರೆಲ್ಲ ಇಂಗ್ಲಿಷರಾದ ಹುಡುಗಿಗೆ ಈ ಶಿಕ್ಷೆ ಕೊಡುವಂತಿಲ್ಲ, ಯಾಕೆಂದರೆ ಅವಳನ್ನು ತಳ್ಳಲು ಬೇರೊಂದು ದೇಶವಿಲ್ಲ. ಹಾಗಾದರೆ ವಲಸಿಗನ ಮಗಳ ಪೌರತ್ವ ಎರಡನೇ ದರ್ಜೆಯದು ಎಂದೇ ಅರ್ಥ. ‘ಬೆರೆಯಿರಿ’ ಎನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. 2019ರ ಡಿಸೆಂಬರ್ ನಂತರ ‘ಪೌರತ್ವ’ ಎಂಬುದು ನಮಗೂ ಸಮಾಜಶಾಸ್ತ್ರದ ಪಠ್ಯದ ಪದವಾಗಿ ಉಳಿದಿಲ್ಲ. ಅಜ್ಜನ ಜನ್ಮ ದಾಖಲೆ ಹುಡುಕಿ ಪೆಟ್ಟಿಗೆ ಮಗುಚಿದ ಮನೆಗಳು ಶಂಸಿಯವರನ್ನು ಬೇರೆ ರೀತಿಯಲ್ಲೇ ಓದುತ್ತವೆ.

ಕಾದಂಬರಿಯ ಕೊನೆ ಮಾತ್ರ ನಮಗೆ ಒಪ್ಪಿಗೆಯಾಗಲಿಲ್ಲ. ಗ್ರೀಕ್ ನಾಟಕದ ಋಣ ತೀರಿಸಲು ಶಂಸಿ ಮತ್ತೆ ಬಾಂಬನ್ನೇ ತರಬೇಕಾಯಿತು. ಹೊರಗೆ ಬಂದೆವೆಂದುಕೊಂಡ ಹಳೆಯ ಅಚ್ಚು ಕಡೆಯ ಪುಟದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ.

ಪಾತ್ರಗಳನ್ನು ಅಳೆಯಲು ಈಗ ಅಲ್ಲಿ ಒಂದು ಪರೀಕ್ಷೆಯೇ ಇದೆ. ನಟ ರಿಝ್ ಅಹ್ಮದ್ ಹೆಸರಿನಲ್ಲಿ 2018ರಲ್ಲಿ ಆರಂಭವಾದ ‘ರಿಝ್ ಟೆಸ್ಟ್’ ಐದು ಪ್ರಶ್ನೆ ಕೇಳುತ್ತದೆ: ಮುಸ್ಲಿಂ ಪಾತ್ರ ಭಯೋತ್ಪಾದಕನೇ, ಕಾರಣವಿಲ್ಲದೆ ಸಿಡುಕುವವನೇ, ಮೂಢನೇ, ಪಶ್ಚಿಮದ ಬದುಕಿಗೆ ಅಪಾಯವೇ, ಗಂಡಾದರೆ ಸ್ತ್ರೀದ್ವೇಷಿ ಹೆಣ್ಣಾದರೆ ದಮನಿತೆಯೇ ಎಂದು. ಉಪಯುಕ್ತವೇ. ಜ್ವರ ಇದೆಯೇ ಎಂದು ಥರ್ಮಾಮೀಟರ್ ಹೇಳುತ್ತದಲ್ಲ, ಹಾಗೆ. ಆದರೆ ‘ಮೈ ಸನ್ ದಿ ಫೆನಾಟಿಕ್’ ಈ ಪರೀಕ್ಷೆಯಲ್ಲಿ ನಪಾಸಾಗುತ್ತದೆ, ಆದರೂ ಅದು ಒಳ್ಳೆಯ ಸಿನಿಮಾ. ಐದಕ್ಕೈದು ಅಂಕ ಪಡೆದೂ ಜೀವವಿಲ್ಲದ ಸಿನಿಮಾ ಮಾಡುವುದು ಕಷ್ಟವೇನಲ್ಲ. ಮನೆಯೊಳಗಿನ ಕತ್ತಲೆಯನ್ನು ಬರೆದ ಮುಸ್ಲಿಂ ಲೇಖಕರಿಗೆ ಎರಡು ಬಗೆಯ ಓದುಗರು ಯಾವಾಗಲೂ ಕಾದಿರುತ್ತಾರೆ. ಒಬ್ಬ ಅದನ್ನು ಸಮುದಾಯದ ವಿರುದ್ಧ ಸಾಕ್ಷ್ಯವಾಗಿ ಎತ್ತಿಕೊಳ್ಳುತ್ತಾನೆ, ಇನ್ನೊಬ್ಬ ದ್ರೋಹವೆಂದು ಬಹಿಷ್ಕರಿಸುತ್ತಾನೆ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇಬ್ಬರೂ ಇದನ್ನು ಉಂಡವರು. ಬಾನು ಅವರ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ ಅದನ್ನು ಹೊರತಂದಿದ್ದು ಶೆಫೀಲ್ಡಿನ ಪ್ರಕಾಶನ ಸಂಸ್ಥೆ, ಅಂದರೆ ಈ ಕಥೆಗಳಲ್ಲಿ ಕೆಲವು ನಡೆಯುವ ಅದೇ ಯಾರ್ಕ್‌ಶೈರ್ ಸೀಮೆಯದು. ಹಾಸನದ ಮನೆಯೊಳಗಿನ ಕಥೆಯನ್ನು ಅಲ್ಲಿಯ ಮೀರ್‌ಪುರಿ ಹುಡುಗಿ ಇಂಗ್ಲಿಷಿನಲ್ಲಿ ಓದಿದರೆ ಹೇಗೆ ಓದುತ್ತಾಳೆ ಎಂಬ ಕುತೂಹಲ ನಮಗಿದೆ.

ಗಲ್ಫಿಗೆ ಹೋದ ನಮ್ಮ ಕರಾವಳಿಯವರನ್ನು ಈ ಚರ್ಚೆಗೆ ತರುವುದುಂಟು. ಹೋಲಿಕೆ ಹೊಂದುವುದಿಲ್ಲ. ದುಬೈಯಲ್ಲಿ ಹುಟ್ಟಿ ಬೆಳೆದ ಮಂಗಳೂರಿನ, ಭಟ್ಕಳದ ಹುಡುಗನನ್ನು ‘ನಮ್ಮೊಂದಿಗೆ ಬೆರೆ’ ಎಂದು ಅಲ್ಲಿ ಯಾರೂ ಪೀಡಿಸುವುದಿಲ್ಲ, ಯಾಕೆಂದರೆ ಅವನನ್ನು ಪೌರನೆಂದು ಒಪ್ಪುವ ಉದ್ದೇಶವೇ ಅಲ್ಲಿಲ್ಲ. ವೀಸಾ ಮುಗಿದರೆ ಊರು. ಬ್ರಿಟನ್ನಿನ ಪ್ರಶ್ನೆ ಹುಟ್ಟುವುದೇ ಪಾಸ್‌ಪೋರ್ಟ್ ಕೊಟ್ಟ ಮೇಲೆ.

2020ರ ‘ಮೊಗುಲ್ ಮೌಗ್ಲಿ’ಯಲ್ಲಿ ರಿಝ್ ಅಹ್ಮದ್ ರ‍್ಯಾಪ್ ಹಾಡುಗಾರ. ಝಹೀರ್ ಎಂಬ ಹೆಸರನ್ನು ‘ಝೆಡ್’ ಎಂದು ಮೊಟಕು ಮಾಡಿಕೊಂಡಿದ್ದಾನೆ. ದೊಡ್ಡ ಪ್ರವಾಸಕ್ಕೆ ಹೊರಡುವ ಹೊತ್ತಿನಲ್ಲಿ ಅವನಿಗೆ ಒಂದು ಕಾಯಿಲೆ ತಗಲುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ದೇಹವನ್ನೇ ಪರಕೀಯವೆಂದು ತಿಳಿದು ದಾಳಿ ಮಾಡುವ ಕಾಯಿಲೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿಗೆ ಮುಖ ಕಾಣದಂತೆ ಹೂವಿನ ಸೆಹ್ರಾ ತೊಟ್ಟ ಆಕೃತಿಯೊಂದು ಕಾಣುತ್ತದೆ, ಟೋಬಾ ಟೇಕ್ ಸಿಂಗ್ ಎಂಬ ಹೆಸರು ಗುಂಯ್‌ಗುಡುತ್ತದೆ. ಮಂಟೋ ಓದಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ವಲಸಿಗರ ಮಗನ ಅಸ್ಮಿತೆಯ ಗಂಟು ಬಿಚ್ಚಲು ಹೊರಟ ಸಿನಿಮಾ 1947ರ ರೈಲಿನವರೆಗೆ ಹಿಂದೆ ಹೋಗುತ್ತದೆ. ಅಪ್ಪನೂ ಒಬ್ಬ ಮಗನಾಗಿದ್ದ, ಅವನೂ ಯಾವುದೋ ಗಡಿ ದಾಟಿ ಬಂದು ಮೌನವಾದವನು ಎಂಬುದು ಈ ಪರಂಪರೆಯ ಕಥೆಗಳಲ್ಲಿ ಇಷ್ಟು ತಡವಾಗಿ ಬಂತು. ಆಸ್ಪತ್ರೆಯಲ್ಲಿ ಏಳಲಾರದ ಮಗನನ್ನು ಅಪ್ಪ ಎತ್ತಿ ಹಿಡಿಯುವ ದೃಶ್ಯಗಳಲ್ಲಿ, ಪರ್ವೇಝ್ ಮತ್ತು ಫರೀದ್ ಆಡದೇ ಉಳಿದ ಮಾತುಗಳೆಲ್ಲ ಇವೆ.

ಇನ್ನೊಂದು ಕೃತಿ ಉಳಿದಿದೆ. ನಿದಾ ಮನ್ಝೂರ್ 2021ರಲ್ಲಿ ಬ್ರಿಟನ್ನಿನ ಚಾನೆಲ್ 4 ವಾಹಿನಿಗೆ ಮಾಡಿದ ಹಾಸ್ಯ ಧಾರಾವಾಹಿ ‘ವಿ ಆರ್ ಲೇಡಿ ಪಾರ್ಟ್ಸ್’. ಮುಸ್ಲಿಂ ಹೆಣ್ಣುಮಕ್ಕಳೇ ಕಟ್ಟಿದ ಪಂಕ್ ಸಂಗೀತದ ತಂಡ. ಅದರ ವ್ಯವಹಾರ ನೋಡಿಕೊಳ್ಳುವವಳು ನಿಖಾಬ್ ಧರಿಸಿದವಳು, ಡ್ರಮ್ ಬಾರಿಸುವವಳು ಟ್ಯಾಕ್ಸಿ ಓಡಿಸುತ್ತಾಳೆ (ಪರ್ವೇಝ್‌ನ ಉದ್ಯೋಗ!). ಅಮೀನಾ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹಿಜಾಬಿನ ಹುಡುಗಿ. ಒಳ್ಳೆಯ ವರ ಸಿಕ್ಕರೆ ಸಾಕೆನ್ನುವವಳು, ಜನರೆದುರು ಗಿಟಾರು ನುಡಿಸಬೇಕಾದರೆ ವಾಂತಿ ಮಾಡಿಕೊಳ್ಳುವವಳು. ಮದುವೆಗೆ ಅವಸರವೇಕೆ ಎಂದು ತಡೆಯುವವಳು ಅವಳ ತಾಯಿ. ಸಂಗೀತದ ಬಗ್ಗೆ ಕೊಂಕು ಎತ್ತುವವರು ಅವಳದೇ ವಯಸ್ಸಿನ ಗೆಳತಿಯರು. ಹರಾಮೋ ಹಲಾಲೋ ಎಂಬ ಪ್ರಶ್ನೆಯನ್ನು ಕೃತಿ ತಪ್ಪಿಸಿಕೊಳ್ಳುವುದಿಲ್ಲ, ಆದರೆ ಅದನ್ನು ಹುಡುಗಿಯರು ತಮ್ಮೊಳಗೆ ಜಗಳವಾಡುತ್ತ, ನಮಾಝಿಗೆ ಒಟ್ಟಿಗೆ ಸಾಲು ನಿಲ್ಲುತ್ತ ಕೇಳಿಕೊಳ್ಳುತ್ತಾರೆ. ಅದಕ್ಕೆ ನಡುವಿನಲ್ಲಿ ಪೊಲೀಸನೂ ಇಲ್ಲ, ಗೃಹಸಚಿವನೂ ಇಲ್ಲ. ಸಂಗೀತದ ವಿಷಯದಲ್ಲಿ ನಮ್ಮ ಓದುಗರೆಲ್ಲ ಒಂದೇ ಅಭಿಪ್ರಾಯದವರಲ್ಲವೆಂದು ನಮಗೆ ಗೊತ್ತು. ಧಾರಾವಾಹಿಯ ಕೆಲವು ಪೋಲಿ ಮಾತುಗಳೂ ಎಲ್ಲರಿಗೆ ಹಿಡಿಸಲಾರವು. ಆದರೂ ತಾವು ಎಷ್ಟು ಬ್ರಿಟಿಷರು ಎಂದು ಯಾರಿಗೂ ಸಾಬೀತುಮಾಡುವ ತುರ್ತಿಲ್ಲದ ಮುಸ್ಲಿಂ ಪಾತ್ರಗಳನ್ನು ನೋಡಿ ಉಸಿರು ಹಗುರಾಯಿತು.

2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮುಸ್ಲಿಮರು ಸುಮಾರು 39 ಲಕ್ಷ, ಒಟ್ಟು ಜನಸಂಖ್ಯೆಯ ಶೇ. 6.5. ಅದರಲ್ಲಿ ಅರ್ಧದಷ್ಟು ಮಂದಿ ಅಲ್ಲೇ ಹುಟ್ಟಿದವರು. ‘ವಲಸಿಗ’ ಎಂಬ ಪದವೇ ಇವರಿಗೆ ಹಳೆಯ ಅಂಗಿಯಂತೆ ಗಿಡ್ಡವಾಗಿದೆ. ಲೆಕ್ಕ ಹಾಕಿದರೆ, 1997ರಲ್ಲಿ ಗಿಟಾರು ಬಿಟ್ಟುಕೊಟ್ಟ ಫರೀದ್‌ಗೆ ಈಗ ಐವತ್ತರ ಆಸುಪಾಸು. ಮದುವೆಯಾಗಿರುತ್ತಾನೆ, ಅಮೀನಾಳಷ್ಟೇ ವಯಸ್ಸಿನ ಮಗಳೂ ಇರಬಹುದು. ಒಂದು ಸಂಜೆ ಆ ಮಗಳು ಗಿಟಾರು ಹೆಗಲಿಗೇರಿಸಿಕೊಂಡು ಮನೆಗೆ ಬಂದರೆ ಫರೀದ್ ಏನು ಹೇಳುತ್ತಾನೆ? ಆ ಸಿನಿಮಾವನ್ನು ಇನ್ನೂ ಯಾರೂ ಮಾಡಿಲ್ಲ.